ದೇಶಭಾಷೆಯಲ್ಲಿ ಕ್ಷೇತ್ರಗಣಿತ: ಪಾದ್ರಿ ಸೋಲ್‌ಸ್ಕಿಯ ಜೀವನ ಮತ್ತು ಕನ್ನಡದ ನಿದರ್ಶನ

ಭೂಮಿಯನ್ನಳೆಯುವ ವಿದ್ಯೆಯು ವಿದ್ವಾಂಸರ ಭಾಷೆಯಲ್ಲಿ ಮಾತ್ರ ಉಳಿದಿದ್ದರೆ ಹೊಲದೊಡೆಯನು ಅಳೆಯುವವನ ಮಾತನ್ನು ನಂಬಬೇಕಾಗುತ್ತದೆ, ಪರೀಕ್ಷಿಸಲಾರನು. ಈ ತೊಡಕನ್ನು ನಿವಾರಿಸಲು ಶ್ರಮಿಸಿದವರಲ್ಲಿ ಪೋಲೆಂಡಿನ ಯೇಸುಸಭೆಯ ಪಾದ್ರಿ ಸ್ತಾನಿಸ್ವಾವ್ ಸೋಲ್‌ಸ್ಕಿ ಒಬ್ಬನು. ಕನ್ನಡದ ಗಣಿತಪರಂಪರೆಯನ್ನು ಅರಿಯಲು ಅವನ ಜೀವನವು ಉಪಯುಕ್ತವಾದ ಹೋಲಿಕೆಯನ್ನು ಒದಗಿಸುತ್ತದೆ.

ಸೋಲ್‌ಸ್ಕಿಯು 1622ರಲ್ಲಿ ಕಾಲಿಷ್ ನಗರದಲ್ಲಿ ಜನಿಸಿ 1638ರಲ್ಲಿ ಯೇಸುಸಭೆಯನ್ನು ಸೇರಿದನು. 1654ರಲ್ಲಿ ಇಸ್ತಾಂಬುಲ್‌ಗೆ ತೆರಳಿ, 1661ರವರೆಗೆ ಅಲ್ಲಿನ ಕ್ರೈಸ್ತ ಸೆರೆಯಾಳುಗಳ ಸೇವೆಯಲ್ಲಿ ನಿರತನಾಗಿದ್ದನು. ಸ್ವದೇಶಕ್ಕೆ ಮರಳಿದ ಮೇಲೆ ಗಣಿತ ಹಾಗೂ ವಾಸ್ತುವಿದ್ಯೆಗಳಲ್ಲಿ ತೊಡಗಿ, 1701ರಲ್ಲಿ ಕ್ರಾಕೂಫ್‌ನಲ್ಲಿ ನಿಧನನಾದನು.

ಅವನ ಮುಖ್ಯ ಕೃತಿ 'ಗೆಯೊಮೆತ್ರ ಪೋಲ್‌ಸ್ಕಿ' (ಪೋಲಿಷ್ ಭೂಮಾಪಕ) 1683ರಿಂದ 1686ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ರೇಖೆ, ಕೋನ, ಆಕೃತಿ ಹಾಗೂ ಘನವಸ್ತುಗಳನ್ನು ಬರೆಯುವ, ವಿಭಜಿಸುವ, ಮಾರ್ಪಡಿಸುವ ಮತ್ತು ಅಳೆಯುವ ಕ್ರಮವೇ ಅದರ ವಿಷಯ. ಯುರೋಪಿನ ಪಂಡಿತವರ್ಗವು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದಾಗ ಅವನು ಪೋಲಿಷ್ ಭಾಷೆಯನ್ನು ಆರಿಸಿಕೊಂಡನು. ಈ ಮಾರ್ಗವನ್ನು ಗ್ಝೆಪ್‌ಸ್ಕಿಯು 1566ರಷ್ಟು ಹಿಂದೆಯೇ ತೆರೆದಿದ್ದನು. 'ಜ್ಯಾಮಿತಿ' ಎಂಬ ಅವನ ಕೃತಿಯೂ ಭೂಮಾಪನವನ್ನೇ ಕುರಿತದ್ದು.

ಕನ್ನಡದಲ್ಲಿ ಇಂಥ ಆಯ್ಕೆಯು ಇನ್ನೂ ಪ್ರಾಚೀನವಾದುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವನ್ನು ಕನ್ನಡದಲ್ಲಿಯೇ ಬರೆದನು. ಶಾಸನಗಳಲ್ಲಿ ದತ್ತಿಭೂಮಿಯನ್ನು 'ಮತ್ತರು', 'ಕಮ್ಮ'ಗಳಲ್ಲಿ ನಮೂದಿಸಿ, ಅಳತೆಗೆ ಬಳಸಿದ 'ಗಳೆ'ಯನ್ನೂ ಹೆಸರಿಸುವುದುಂಟು. ಗಳೆಯ ಉದ್ದವು ಊರಿನಿಂದ ಊರಿಗೆ ಬೇರೆಯಾಗುತ್ತಿದ್ದುದರಿಂದ ಆ ನಮೂದು ದತ್ತಿಗೆ ರಕ್ಷಣೆಯಾಗಿತ್ತು. ಸೋಲ್‌ಸ್ಕಿಯಂತೆ ರಾಜಾದಿತ್ಯನೂ ಬಳಕೆಯಲ್ಲಿದ್ದ ಲೆಕ್ಕವನ್ನು ಶಾಸ್ತ್ರದ ಕ್ರಮಕ್ಕೆ ತಂದನೆನ್ನಬಹುದು.

ಅಳತೆಯು ಜನರ ತಿಳಿವಿನಿಂದ ದೂರವಾದಾಗ ಒದಗುವ ಹಾನಿಗೆ, ಚಾಕಣವನ್ನೊಳಗೊಂಡ ಪುಣೆ ಜಿಲ್ಲೆಯೇ ಸಾಕ್ಷಿ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯು ಅಲ್ಲಿ ನಡೆಸಿದ ಮೋಜಣಿಯು ನಿವ್ವಳ ಉತ್ಪನ್ನದ ಜಟಿಲ ಗಣನೆಯನ್ನು ಅವಲಂಬಿಸಿತ್ತು. ಕಂದಾಯವು ಮಿತಿಮೀರಿತು, ರೈತರು ಹೊಲಗಳನ್ನು ತೊರೆದರು. ಅನಂತರ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರು 1836ರಲ್ಲಿ ಇದೇ ಜಿಲ್ಲೆಯ ಇಂದಾಪುರದಲ್ಲಿ ಸರಳವಾದ ಪದ್ಧತಿಯನ್ನು ಆರಂಭಿಸಿದರು. ಅದು 1840ರ ದಶಕದಲ್ಲಿ ಧಾರವಾಡ ಪ್ರಾಂತಕ್ಕೂ, 1860ರ ದಶಕದಲ್ಲಿ ಮೈಸೂರಿಗೂ ವಿಸ್ತರಿಸಿತು. 33 ಅಡಿಯ ಸರಪಳಿಯ ಚದರವೇ ಒಂದು ಗುಂಟೆ. ಅದರ ಹದಿನಾರನೆಯ ಒಂದು ಪಾಲು ಆಣೆ. 40 ಗುಂಟೆಗೆ ಒಂದು ಎಕರೆ. ಮರಾಠಿ ಹಾಗೂ ಕನ್ನಡ ರೈತರಿಬ್ಬರೂ ಈ ಲೆಕ್ಕವನ್ನು ಬಾಯಲ್ಲಿಯೇ ಮಾಡಬಲ್ಲವರಾದರು.

ಆದುದರಿಂದ ದೇಶಭಾಷೆಯ ಗಣಿತಗ್ರಂಥಗಳನ್ನು ಕೇವಲ ಅನುವಾದಗಳೆಂದೋ ಕೈಪಿಡಿಗಳೆಂದೋ ಗಣಿಸುವುದು ಸಮಂಜಸವಲ್ಲ. ಅಳತೆಯನ್ನು ಪ್ರಶ್ನಿಸುವ ಅಧಿಕಾರವನ್ನು ಅವು ಓದುಗನಿಗೆ ನೀಡಿದವು. ರಾಜಾದಿತ್ಯನ ಕೃತಿಗಳ ಪರಿಭಾಷೆಯನ್ನು ಶಾಸನಗಳ ಅಳತೆಗಳೊಡನೆ ಹೋಲಿಸಿ ಅಭ್ಯಸಿಸುವುದು ಕನ್ನಡೇತರ ಸಂಶೋಧಕರಿಗೂ ಫಲಪ್ರದವಾದ ಕಾರ್ಯವಾಗಿದೆ.