ಕಾಲಿಗೆ ಕಾಲಿಗೆ ಸುತ್ತೋ ನಾಯಿ... ಬೈಯೋ ಮುಂಚೆ ಇದನ್ನೋದಿ

ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಬಟ್ಟೆ ಒಣಹಾಕೋಕೆ ತಾರಸಿಗೆ ಹೊರಟರೆ ಮೆಟ್ಟಿಲ ಮೇಲೆ ನಿಮಗಿಂತ ಮುಂದೆ ಅದು! ಸ್ನಾನಕ್ಕೆ ಹೋದರಂತೂ ಬಚ್ಚಲುಮನೆ ಬಾಗಿಲಲ್ಲಿ ಕಾವಲು. ನೀರಿನ ಸದ್ದು ನಿಂತ ತಕ್ಷಣ ಬಾಗಿಲ ಸಂದಿಯಲ್ಲಿ ಒಂದು ಒದ್ದೆ ಮೂಗು ಉಸ್ ಉಸ್ ಅನ್ನುತ್ತೆ. ನಾಯಿ ಸಾಕಿದ ಮನೆಯ ಗೃಹಿಣಿಯರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಾಯಿ ಬೇಕು ಅಂತ ಹಟ ಹಿಡಿದದ್ದು ಮಕ್ಕಳು, ಎಲ್ಲಿಂದಲೋ ತಂದುಕೊಟ್ಟದ್ದು ಯಜಮಾನರು, ಅದು ಅಂಟಿಕೊಂಡದ್ದು ಮಾತ್ರ ನಿಮಗೆ!

‘ಅನ್ನ ಹಾಕೋಳು ನಾನಲ್ವಾ, ಅದಕ್ಕೇ’ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಪೂರ್ತಿ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ನಮ್ಮ ಅಗ್ರಹಾರದಲ್ಲಿ ಬೆಳಗ್ಗೆ ವಾಣಿವಿಲಾಸ ಮಾರುಕಟ್ಟೆಗೆ ತರಕಾರಿ ತರಲು ಹೋಗುವಾಗ ಬೀದಿ ನಾಯಿಗಳನ್ನು ಸ್ವಲ್ಪ ಗಮನಿಸಿ. ನೂರೊಂದು ಗಣಪತಿ ದೇವಸ್ಥಾನದ ಕಡೆ ತಿರುಗುವಷ್ಟರಲ್ಲಿ ಗುರುತಿನ ನಾಯಿಯೊಂದು ಬಾಲ ಆಡಿಸುತ್ತಾ ನಾಲ್ಕು ಹೆಜ್ಜೆ ಜೊತೆಗೆ ಬರುತ್ತೆ. ಕೈಯಲ್ಲಿ ಬಿಸ್ಕತ್ತಿಲ್ಲ ಅಂತ ಅದಕ್ಕೆ ಗೊತ್ತು, ಆದರೂ ಬರುತ್ತೆ. ಯಾಕೆ? ಕೋಲ್ಕತ್ತದ ಐಸರ್ ಸಂಸ್ಥೆಯ ವಿಜ್ಞಾನಿಗಳು ಬೀದಿ ನಾಯಿಗಳ ಮೇಲೇ ಒಂದು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪರಿಚಯವೇ ಇಲ್ಲದವರು ಕೆಲವು ನಾಯಿಗಳಿಗೆ ಮತ್ತೆ ಮತ್ತೆ ತಿಂಡಿ ಕೊಟ್ಟರು, ಇನ್ನು ಕೆಲವಕ್ಕೆ ಬರೀ ತಲೆ ಸವರಿದರು. ಕೊನೆಗೆ ಹೆಚ್ಚು ನಂಬಿಕೆಯಿಂದ ಹತ್ತಿರ ಬಂದದ್ದು ಯಾವುವು ಗೊತ್ತಾ? ತಲೆ ಸವರಿಸಿಕೊಂಡವು! ತಂಗಳನ್ನಕ್ಕೂ ಗತಿಯಿಲ್ಲದ ಬೀದಿ ನಾಯಿಯ ಕಥೆಯೇ ಹೀಗಾದರೆ, ಹೊಟ್ಟೆ ತುಂಬಿದ ನಿಮ್ಮ ಮನೆ ನಾಯಿ ಬೇಡುತ್ತಿರೋದು ಏನನ್ನು ಅಂತ ನೀವೇ ಯೋಚಿಸಿ. (ಹಾಗಂತ ಗುರುತಿಲ್ಲದ ಬೀದಿ ನಾಯಿಯನ್ನು ಮಕ್ಕಳು ಮುಟ್ಟೋಕೆ ಬಿಡಬೇಡಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಅರಿಶಿನ, ಸುಣ್ಣ ಅಂತ ಕೂರಬೇಡಿ.)

ನಾಯಿ ಮನುಷ್ಯನ ಜೊತೆ ಬದುಕಲು ಶುರುಮಾಡಿ ಕಡಿಮೆಯೆಂದರೂ 14,000 ವರ್ಷ ಆಗಿದೆ. ಅದರ ಪೂರ್ವಜ ತೋಳಕ್ಕೆ ಗುಂಪೇ ಜೀವ. ಗುಂಪು ತಪ್ಪಿದ ತೋಳ ಉಳಿಯೋದು ಕಷ್ಟ. ಈಗ ನಾಯಿಯ ಪಾಲಿಗೆ ಆ ಗುಂಪು ಅಂದರೆ ನೀವೇ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗಂತೂ ಮೈ ಜುಮ್ಮೆಂದಿತು. ತಾಯಿ ಮಗುವಿಗೆ ಹಾಲೂಡಿಸುವಾಗ ಅವಳ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಏರುತ್ತಲ್ಲ, ನಾಯಿ ಮತ್ತು ಒಡೆಯರು ಕಣ್ಣಲ್ಲಿ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಅದೇ ಹಾರ್ಮೋನು ಏರಿತ್ತಂತೆ! ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ನೀವು ಸೊಪ್ಪು ಬಿಡಿಸುತ್ತಾ ಕೂತಾಗ ಎದುರಿಗೆ ಕೂತು ಮುಖವನ್ನೇ ನೋಡುತ್ತಲ್ಲ, ಆ ನೋಟ ಸುಮ್ಮನೆ ಅಲ್ಲ.

ಇದು ವಿದೇಶದಿಂದ ಬಂದ ಹೊಸ ಶೋಕಿ ಅಂತ ಅತ್ತೆಯವರು ಗೊಣಗಿದರೆ ಅವರಿಗೆ ಆತಕೂರಿನ ಕಥೆ ಹೇಳಿ. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು ಅದು. ಕ್ರಿ.ಶ. 949-50ರ ಕಾಲದ ಶಾಸನ. ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ. ತಕ್ಕೋಲದ ಯುದ್ಧದಲ್ಲಿ ಅವನ ಪರಾಕ್ರಮ ನೋಡಿ ಮೆಚ್ಚಿದ ಅರಸ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು! ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋದಾಗ ತೋರಿಸಬಹುದು.

ಸರಿ, ಪ್ರೀತಿ ಇದೆ. ಆದರೆ ಅದೇ ಪ್ರೀತಿ ಕೊರಳಿಗೆ ಉರುಳಾದರೆ?

ನಮ್ಮ ಬೀದಿಯ ಗೃಹಿಣಿಯೊಬ್ಬರ ವಿಷಯ ಹೇಳ್ತೀನಿ. ಮಕ್ಕಳು ಕಾಲೇಜು ಸೇರಿದ ಮೇಲೆ ಅವರು ಟೈಲರಿಂಗ್ ಕ್ಲಾಸಿಗೆ ಹೋಗಲು ಶುರುಮಾಡಿದರು. ದಿನಕ್ಕೆ ಮೂರೇ ಗಂಟೆ. ಅವರ ಮನೆಯ ಬ್ರೌನಿಗೆ ಆಗ ನಾಲ್ಕು ವರ್ಷ, ಹುಟ್ಟಿದ ಮೇಲೆ ಒಬ್ಬಂಟಿಯಾಗಿ ಇದ್ದದ್ದೇ ಇಲ್ಲ. ಬಾಗಿಲು ಕೆರೆದು ಬಣ್ಣವೆಲ್ಲ ಕಿತ್ತಿತು. ಹಾಲ್‌ನಲ್ಲೇ ಗಲೀಜು ಮಾಡಿತು. ಅದರ ಊಳು ಕೇಳಲಾರದೆ ವಠಾರದವರೆಲ್ಲ ದೂರಿತ್ತರು. ಕೊನೆಗೆ ಮನೆಯಲ್ಲಿ ಮಾತು ಬಂತು: ‘ಒಂದೋ ನಾಯಿ ಯಾರಿಗಾದ್ರೂ ಕೊಡು, ಇಲ್ಲಾ ಕ್ಲಾಸು ಬಿಡು.’ ಹತ್ತೊಂಬತ್ತು ವರ್ಷದ ನಂತರ ತನಗಾಗಿ ಅಂತ ಒಂದು ಕೆಲಸಕ್ಕೆ ಕೈಹಾಕಿದ ಹೆಂಗಸಿಗೆ ಎಂಥ ಮಾತು ನೋಡಿ! ಎಷ್ಟೋ ಮನೆಗಳಲ್ಲಿ ಇಂಥ ಹೊತ್ತಲ್ಲೇ ನಾಯಿಯನ್ನು ಊರಾಚೆ ಬಿಟ್ಟು ಬರೋದು. ಬೀದಿಯಲ್ಲಿ ಬದುಕಿ ಗೊತ್ತಿಲ್ಲದ ಮನೆ ನಾಯಿ ಅಲ್ಲಿ ಎಷ್ಟು ದಿನ ಇದ್ದೀತು?

ಬ್ರೌನಿ ಮಾಡಿದ್ದು ಸೇಡಲ್ಲ, ಚೇಷ್ಟೆಯೂ ಅಲ್ಲ. ಅದು ಗಾಬರಿ. ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ‘ಇಲ್ಲ ರೀ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದ್ರೆ ತಿಳಿಯುತ್ತೆ’ ಅಂತೀರಾ? ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಕಿವಿ ಜೋತುಬಿಟ್ಟು, ಕಣ್ಣು ತಪ್ಪಿಸಿ ಕೂರುವ ಆ ‘ಕಳ್ಳ ಮುಖ’ ಬರೋದು ನಾವು ಬೈದಾಗ. ತಪ್ಪೇ ಮಾಡದ ನಾಯಿಯೂ ಹಾಗೇ ಮುಖ ಮಾಡಿತು. ಅಂದರೆ ಸಂಜೆ ಬಂದು ನಾಲ್ಕು ಬಿಟ್ಟರೆ ಅದು ಕಲಿಯೋದು ಒಂದೇ, ಅಮ್ಮ ವಾಪಸ್ ಬಂದರೂ ಭಯ!

ಹಾಗಾದರೆ ಏನು ಮಾಡೋದು?

ಆ ಗೃಹಿಣಿ ಪಶುವೈದ್ಯರನ್ನು ಕೇಳಿ ಮಾಡಿದ್ದು ಸರಳ, ಆದರೆ ತಾಳ್ಮೆ ಬೇಕು. ನಾಯಿಗೆ ನಾವು ಹೊರಡೋ ಸುಳಿವು ಬಹಳ ಬೇಗ ಸಿಗುತ್ತೆ. ಬೀಗದ ಕೈ ಸದ್ದು, ಹ್ಯಾಂಡ್‌ಬ್ಯಾಗು, ಹೊರಗೆ ಉಡುವ ಸೀರೆ, ಇಷ್ಟು ಕಂಡರೆ ಸಾಕು, ಅದರ ಎದೆ ಹೊಡೆದುಕೊಳ್ಳುತ್ತೆ. ಅದಕ್ಕೇ ಅವರು ಬೀಗದ ಕೈ ಎತ್ತಿಕೊಂಡು ಸುಮ್ಮನೆ ಬಂದು ಸೋಫಾ ಮೇಲೆ ಕೂರುತ್ತಿದ್ದರು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಸಾರಿಗೆ ಒಗ್ಗರಣೆ ಹಾಕಿದರಂತೆ, ನೋಡಿದವರು ನಕ್ಕಿದ್ದೇ ನಕ್ಕಿದ್ದು! ಆಮೇಲೆ ಅರ್ಧ ನಿಮಿಷ ಹೊರಗೆ ನಿಂತು ಒಳಗೆ ಬರೋದು. ಎರಡು ನಿಮಿಷ. ಐದು ನಿಮಿಷ. ಗೇಟಿನವರೆಗೆ, ಹಾಲಿನ ಬೂತಿನವರೆಗೆ. ನಾಯಿ ಗಾಬರಿಯಾಗುವ ಮುಂಚೆಯೇ ವಾಪಸಾಗಬೇಕು, ಗುಟ್ಟಿರೋದು ಅಲ್ಲೇ. ಒಂದು ದಿನ ಕೂಗಿತೋ, ಮರುದಿನ ಹೊತ್ತು ಕಡಿಮೆ ಮಾಡಿ. ಅಭ್ಯಾಸ ಆಗೋವರೆಗೆ ಕ್ಲಾಸಿನ ಹೊತ್ತಲ್ಲಿ ಬ್ರೌನಿಯನ್ನು ಎದುರುಮನೆ ಅಜ್ಜಿಯ ಹತ್ತಿರ ಬಿಡುತ್ತಿದ್ದರು. ಸುಮಾರು ಎರಡು ತಿಂಗಳು ಹಿಡಿಯಿತು. ಕ್ಲಾಸೂ ತಪ್ಪಲಿಲ್ಲ, ನಾಯಿಯೂ ಉಳಿಯಿತು.

ಹೊರಡುವಾಗ ‘ಅಮ್ಮ ಬೇಗ ಬರ್ತೀನಿ ಬಂಗಾರ’ ಅಂತ ಹತ್ತು ಸಲ ಮುದ್ದಿಸಬೇಡಿ. ಬಂದಾಗಲೂ ಅಷ್ಟೆ, ಅದು ಕುಣಿದು ಸುಮ್ಮನಾಗಲಿ, ಆಮೇಲೆ ಮಾತಾಡಿಸಿ. ನೀವುಟ್ಟು ಒಗೆಯದ ಹಳೇ ನೈಟಿಯನ್ನು ಅದರ ಹಾಸಿಗೆಯಲ್ಲಿ ಹಾಕಿಹೋಗಿ, ನಿಮ್ಮ ವಾಸನೆ ಜೊತೆಗಿರಲಿ. ಟೊಳ್ಳಾದ ಗಟ್ಟಿ ರಬ್ಬರ್ ಆಟಿಕೆಯೊಳಗೆ ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದು ಹೊರಡುವಾಗ ಕೊಟ್ಟರೆ ನೆಕ್ಕುತ್ತಾ ಅರ್ಧ ಗಂಟೆ ಕಳೆಯುತ್ತೆ. ಈರುಳ್ಳಿ ಹಾಕಿದ ಯಾವುದೂ ಬೇಡ. ದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷ.

ಇನ್ನು ಮನೆಯಲ್ಲಿದ್ದಾಗಲೇ ಕಾಟ ಕೊಡೋ ನಾಯಿಗಳಿವೆ. ನೀವು ಫೋನ್ ಎತ್ತಿದ ತಕ್ಷಣ ಬೊಗಳೋದು, ಚಪ್ಪಲಿ ಕಚ್ಚಿಕೊಂಡು ಓಡೋದು, ಕಾಲಿನಿಂದ ತೊಡೆ ಕೆರೆಯೋದು. ಇದು ಗಾಬರಿ ಅಲ್ಲ, ಲೆಕ್ಕಾಚಾರ! ‘ಏಯ್, ಸುಮ್ನಿರು’ ಅಂತ ನೀವು ಕೂಗಿದರೂ ಅದರ ಲೆಕ್ಕದಲ್ಲಿ ಗೆದ್ದ ಹಾಗೇ, ಯಾಕೆಂದರೆ ನೀವು ತಿರುಗಿ ನೋಡಿದಿರಲ್ಲ. ಆಗ ಮುಖ ತಿರುಗಿಸಿ, ಮಾತಾಡಬೇಡಿ. ಮೊದಲ ಕೆಲವು ದಿನ ಬೊಗಳೋದು ಜಾಸ್ತಿಯಾಗುತ್ತೆ, ಸೋಲಬೇಡಿ. ಅದು ಸುಮ್ಮನೆ ಕೂತ ಕ್ಷಣವೇ ಕರೆದು ತಲೆ ಸವರಿ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತೆ. ನಾಯಿ ಜಾಣನ ಹಾಗೆ ಬಿದ್ದುಕೊಂಡಿದ್ದರೆ ಯಾರೂ ತಿರುಗಿ ನೋಡಲ್ಲ, ಬೊಗಳಿದರೆ ಇಡೀ ಮನೆಯೇ ಓಡಿಬರುತ್ತೆ. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು ಅನ್ನೋದೂ ಮುಖ್ಯ. ನೀವು ಬಿಗಿಯಾಗಿದ್ದು, ಯಜಮಾನರು ಕದ್ದು ಚಪಾತಿ ತುಂಡು ಹಾಕುತ್ತಿದ್ದರೆ ಮುಗೀತು ಕಥೆ.

ಬೆಳಗ್ಗೆ ಅರ್ಧ ಗಂಟೆ ಹೊರಗೆ ಸುತ್ತಾಡಿಸಿ. ದಬದಬ ನಡೆಸಿಕೊಂಡು ಬರೋದಲ್ಲ, ಕಂಬ, ಮರ, ಮೋರಿ ಅಂಚು ಎಲ್ಲವನ್ನೂ ಮೂಸಲು ಬಿಡಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಮಧ್ಯಾಹ್ನ ತಾನಾಗೇ ಮಲಗುತ್ತೆ, ನಿಮಗೆ ನಿಮ್ಮ ಧಾರಾವಾಹಿ ಸಿಗುತ್ತೆ.

ಅಗ್ರಹಾರದಲ್ಲಿ ಮಡಿ ಪಾಲಿಸುವ ಹಿರಿಯರಿರೋ ಮನೆಗಳು ಇನ್ನೂ ಇವೆ. ಅಂಥ ಕಡೆ ನಾಯಿಯನ್ನು ದಿನವಿಡೀ ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿರ್ತಾರೆ. ಒಳಗಿಂದ ಎಲ್ಲರ ದನಿ ಕೇಳಿಸುತ್ತೆ, ಹತ್ತಿರ ಹೋಗುವ ಹಾಗಿಲ್ಲ. ನನ್ನ ಪ್ರಕಾರ ಇದಕ್ಕಿಂತ ಶಿಕ್ಷೆ ಬೇರೆ ಬೇಡ. ಹಜಾರದ ಒಂದು ಮೂಲೆಯಲ್ಲಿ ಚಾಪೆ ಹಾಕಿ ‘ಇಲ್ಲೇ’ ಅಂತ ಕಲಿಸಿದರೆ ದೇವರಮನೆ, ಅಡುಗೆಮನೆ ಹೊಸ್ತಿಲನ್ನು ನಾಯಿ ಖಂಡಿತ ದಾಟಲ್ಲ. ಎರಡು ವಾರ ಕಲಿಸಿ ನೋಡಿ. ಇಷ್ಟು ದಿನ ದೂರವೇ ಇದ್ದ ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಅಂಟಿಕೊಳ್ಳಲು ಶುರುಮಾಡಿದರೆ ಮಾತ್ರ ಮುದ್ದು ಅಂದುಕೊಂಡು ಸುಮ್ಮನಿರಬೇಡಿ. ಕಣ್ಣು ಮಂಜಾಗಿರಬಹುದು, ಕೀಲುನೋವಿರಬಹುದು. ಡಾಕ್ಟರಿಗೆ ತೋರಿಸಿ.

ಕೊನೆಯದು ನಮ್ಮ ಮೈಸೂರಿನವರಿಗೆ. ದಸರಾದಲ್ಲಿ ಅರಮನೆ ಕಡೆ ಕುಶಾಲುತೋಪು ಹಾರಿಸಿದರೆ ಸದ್ದು ಅಗ್ರಹಾರದ ಮನೆಗಳಿಗೂ ಕೇಳುತ್ತೆ. ಹಿಂದೆಯೇ ದೀಪಾವಳಿ ಪಟಾಕಿ. ಹೆದರಿ ಗೇಟು ಹಾರಿ ಓಡಿಹೋಗೋ ನಾಯಿಗಳಿರುತ್ತವೆ, ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರು ಇರಲಿ. ಆವತ್ತು ಬೆಳಗ್ಗೆಯೇ ಸುತ್ತಾಡಿಸಿ ಬಂದು, ನಡುಮನೆಯ ಕಿಟಕಿ ಮುಚ್ಚಿ, ಟೀವಿ ಸ್ವಲ್ಪ ಜೋರಾಗಿ ಹಾಕಿ. ಹೆದರಿದಾಗ ಮುದ್ದಿಸಿದರೆ ಭಯ ಜಾಸ್ತಿಯಾಗುತ್ತೆ ಅಂತ ಕೆಲವರು ಹೇಳೋದು ನಿಜವಲ್ಲ. ನಡುಗುತ್ತಾ ಮಡಿಲಿಗೆ ನುಗ್ಗಿದರೆ ನುಗ್ಗಲಿ ಬಿಡಿ, ಜಂಬೂಸವಾರಿ ಟೀವಿಯಲ್ಲೂ ಬರುತ್ತೆ.