ಕನಸಿನ ಸುಖ: ಅರಿತು ಮತ್ತು ಅರಿಯದೆ

ಕನಸಿನಲ್ಲಿ ಸುಖಪಡದವರು ವಿರಳ. ಆ ಸುಖವು ಎರಡು ಬಗೆಯದೆಂಬುದನ್ನು ಗಮನಿಸಿದವರು ಇನ್ನೂ ವಿರಳ. ಕಾಣುತ್ತಿರುವುದು ಕನಸೆಂದು ತಿಳಿಯದೆ ಅದರಲ್ಲಿ ಮುಳುಗಿಹೋಗುವುದು ಒಂದು. ನಿದ್ರೆ ಮುರಿಯದಿರುವಾಗಲೇ ‘ಇದು ಕನಸು’ ಎಂದರಿತು ಅನುಭವಿಸುವುದು ಇನ್ನೊಂದು. ಎರಡನೆಯದನ್ನು ಅರಿವಿನ ಕನಸೆಂದು ಕರೆಯೋಣ. ಇವುಗಳಲ್ಲಿ ಯಾವುದರ ಸುಖ ಹೆಚ್ಚಿನದು?

ಅರಿವಿನ ಕನಸು ಕಟ್ಟುಕಥೆಯಲ್ಲ. ಡಚ್ ವೈದ್ಯರೂ ಸಾಹಿತಿಗಳೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ನರು 1913ರಲ್ಲಿ ತಮ್ಮ ಇಂತಹ ಅನುಭವಗಳನ್ನು ವಿವರಿಸಿದ್ದರು. ನಿದ್ರಿಸಿದವನ ಮಾತಿಗೆ ಸಾಕ್ಷಿ ಯಾರು ಎಂಬ ಸಂಶಯವೊಂದು ಉಳಿದಿತ್ತು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಕೀತ್ ಹರ್ನ್ ಎಂಬವರು ಅದನ್ನು ಪರಿಹರಿಸಿದರು. ಕನಸು ದಟ್ಟವಾಗಿರುವ ನಿದ್ರೆಯಲ್ಲಿ ಕೈಕಾಲುಗಳು ನಿಶ್ಚೇಷ್ಟವಾಗಿದ್ದರೂ ಕಣ್ಣುಗುಡ್ಡೆಗಳು ಚಲಿಸುತ್ತಿರುತ್ತವೆ. ಮಲಗಿದ್ದಾತನು ತನಗೆ ಬಿದ್ದಿರುವುದು ಕನಸೆಂದು ತಿಳಿದೊಡನೆ, ಮೊದಲೇ ಗೊತ್ತುಮಾಡಿಕೊಂಡಿದ್ದಂತೆ, ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿದನು. ಯಂತ್ರವು ಅದನ್ನು ದಾಖಲಿಸಿತು.

ಕನಸೂ ಒಂದು ಭೋಗವೆಂಬುದು ನಮ್ಮಲ್ಲಿ ಹಳೆಯ ಮಾತು. ಮಾಂಡೂಕ್ಯೋಪನಿಷತ್ತು ಎಚ್ಚರದ ಆತ್ಮನನ್ನು ಸ್ಥೂಲಭುಕ್ಕೆಂದೂ ಕನಸಿನ ಆತ್ಮನನ್ನು ಪ್ರವಿವಿಕ್ತಭುಕ್ಕೆಂದೂ, ಎಂದರೆ ಸೂಕ್ಷ್ಮವನ್ನು ಉಣ್ಣುವವನೆಂದೂ, ಹೇಳಿದೆ. ಅರಿತು ಉಣ್ಣುವುದಕ್ಕೂ ಅರಿಯದೆ ಉಣ್ಣುವುದಕ್ಕೂ ರುಚಿಭೇದವುಂಟೇ ಎಂಬುದೇ ಇಲ್ಲಿಯ ಪ್ರಶ್ನೆ.

ನಾವು ಬೆಳೆದುದು ಉರಿಗಾಮಿನಲ್ಲಿ. ನಮ್ಮ ತಂದೆಯವರು ನೆರೆಯ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿಯುತ್ತಿದ್ದರು. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಕೆಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳು ಅದುರಿದ ರಾತ್ರಿ, ಅವರು ಪಾಳಿ ಮುಗಿಸಿ ಬರುವವರೆಗೆ ತಾಯಿಯವರು ಮಲಗುತ್ತಿರಲಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದವು, ತಂದೆಯವರೂ ಈಗಿಲ್ಲ.

ಅವರು ನಮ್ಮ ಕನಸಿಗೆ ಆಗಾಗ ಬರುವುದುಂಟು. ಸಾಮಾನ್ಯ ಕನಸಿನಲ್ಲಿ ಬಂದಾಗ ಅವರು ತೀರಿಕೊಂಡಿರುವುದು ನಮಗೆ ನೆನಪಿರುವುದಿಲ್ಲ. ಬುತ್ತಿಯ ಡಬ್ಬಿಯನ್ನು ಕೆಳಗಿಟ್ಟು ನೀರು ಕೇಳುತ್ತಾರೆ. ನಾವು ಒಳಗೆ ಓಡುತ್ತೇವೆ. ಆ ಸಂತೋಷದಲ್ಲಿ ಬಿರುಕೇ ಇಲ್ಲ. ಆದರೆ ಎಚ್ಚರವಾದೊಡನೆ ಅವರನ್ನು ಮತ್ತೊಮ್ಮೆ ಕಳೆದುಕೊಳ್ಳುತ್ತೇವೆ.

ಒಮ್ಮೆ ಮಾತ್ರ, ಬೆಳಗಿನ ಜಾವದಲ್ಲಿ, ಅವರು ಬಾಗಿಲಲ್ಲಿ ನಿಂತಿರುವಾಗಲೇ ಇದು ಕನಸೆಂದು ಹೊಳೆಯಿತು. ಸಂತೋಷವು ಒಡನೆ ತುಸು ಮಸುಕಾಯಿತೆಂದು ಒಪ್ಪಿಕೊಳ್ಳಬೇಕು. ಆದರೆ ನೀರಿಗೆಂದು ಒಳಗೆ ಓಡಲಿಲ್ಲ, ನಿಂತು ನೋಡಿದೆವು. ಅವರ ಉಗುರಿನಲ್ಲಿ ಕುಳಿತ ಧೂಳು, ಎಡಗೈಯ ಹಳೆಯ ಗಾಯದ ಗುರುತು, ಬದುಕಿದ್ದಾಗ ಎಂದೂ ನಿಂತು ನೋಡದಿದ್ದುದನ್ನೆಲ್ಲ ನೋಡಿದೆವು. ಎಚ್ಚರವಾದಾಗ ಅಳು ಬರಲಿಲ್ಲ.

ಹರಿಶ್ಚಂದ್ರ ನಾಟಕದ ಸ್ಮಶಾನ ದೃಶ್ಯದಲ್ಲಿ ಕಣ್ಣೀರಿಡುವ ಪ್ರೇಕ್ಷಕನಿಗೆ ಅದು ನಾಟಕವೆಂದು ಗೊತ್ತು. ಗೊತ್ತಿರುವುದರಿಂದಲೇ ಆ ಅಳುವಿನಲ್ಲೂ ರಸವುಂಟು. ಅರಿವಿನ ಕನಸಿನ ಸುಖ ಇಂತಹುದು. ಭಯದ ಕನಸಾದರೆ ಅರಿವೇ ಮೇಲೆಂಬುದರಲ್ಲಿ ಸಂದೇಹವಿಲ್ಲ: ಹಾವು ಕನಸಿನದೆಂದು ತಿಳಿದವನು ಓಡಬೇಕಾಗಿಲ್ಲ. ಪ್ರೀತಿಯ ಕನಸಿನ ವಿಷಯದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಅರಿಯದ ಕನಸು ತಂದೆಯನ್ನೇ ಮರಳಿ ಕೊಡುತ್ತದೆ, ಆದರೆ ಸಾಲವಾಗಿ. ಅರಿವಿನ ಕನಸು ಅವರ ದರ್ಶನವನ್ನಷ್ಟೇ ಕೊಡುತ್ತದೆ, ಆದರೆ ಅದನ್ನು ಬೆಳಗಾದ ಮೇಲೆ ಹಿಂದಕ್ಕೆ ಕೇಳುವುದಿಲ್ಲ.