ಕಣ್ಣು ಕಾಣದ ಕೆಂಪು

ಅರೋರಾ ಎಂಬುದು ರೋಮನ್ನರ ಉಷೋದೇವಿಯ ಹೆಸರು. ನಮ್ಮ ‘ಉಷಸ್’ ಶಬ್ದಕ್ಕೂ ಅದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಹೆಸರಿನ ನಂಟು ಇಷ್ಟು ಹತ್ತಿರದ್ದಾದರೂ ವಸ್ತು ನಮಗೆ ದೂರವೇ ಸರಿ. ಸೂರ್ಯನಿಂದ ಸಿಡಿದ ವಿದ್ಯುತ್ಕಣಗಳ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ ಎರಡೂ ಧ್ರುವಗಳ ಸುತ್ತಣ ಮೇಲ್ಗಾಳಿ ಬೆಳಗುತ್ತದೆ, ಅದೇ ಧ್ರುವಪ್ರಭೆ. ಸುಮಾರು 14 ಡಿಗ್ರಿ ಅಕ್ಷಾಂಶದ ತ್ಯಾವರೆಕೊಪ್ಪದಲ್ಲಿ ನಿಂತು ಅದನ್ನು ಕಾಣುವ ಆಸೆ ವ್ಯರ್ಥ. ಇಲ್ಲಿ ಇರುಳೆಲ್ಲ ಎಚ್ಚರವಿದ್ದವನಿಗೆ ಸಿಂಹಧಾಮದ ಗರ್ಜನೆ ಕೇಳಿಸೀತು, ಅಷ್ಟೆ.

ಆದರೆ 2024ರ ಮೇ 10ರ ರಾತ್ರಿ ಭಾರತದ ನೆಲದಿಂದಲೇ ಅದರ ಚಿತ್ರ ಸಿಕ್ಕಿತು. ಸ್ಥಳ ಲಡಾಖಿನ ಹಾನ್ಲೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರ. ಅಲ್ಲಿಯ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅದರ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಇಡೀ ಆಕಾಶವನ್ನು ಒಮ್ಮೆಗೇ ನೋಡುವ ಅಲ್ಲಿನ ಕ್ಯಾಮೆರಾ ದಿಗಂತದತ್ತ ಹರಡಿದ ಕೆಂಪು ಹೊಳಪನ್ನು ಹಿಡಿಯಿತು. 2003ರ ಬಳಿಕ ಅಷ್ಟು ಪ್ರಬಲವಾದ ಕಾಂತೀಯ ಬಿರುಗಾಳಿ ಎದ್ದಿರಲಿಲ್ಲ.

ಕೆಂಪೇ ಏಕೆ? ಆಮ್ಲಜನಕವು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹಸಿರನ್ನೂ ಇನ್ನೂರಕ್ಕಿಂತ ಮೇಲೆ ಕೆಂಪನ್ನೂ ಸೂಸುತ್ತದೆ. ದೂರದಿಂದ ನೋಡುವವನಿಗೆ ಭೂಮಿಯ ಗುಂಡು ಬೆನ್ನು ಕೆಳಗಿನ ಹಸಿರನ್ನು ಮರೆಮಾಡುತ್ತದೆ. ತೋಪಿನಾಚೆಯ ಗೋಪುರದ ಕಳಶವಷ್ಟೆ ಕಂಡ ಹಾಗೆ, ಮೇಲಿನ ಕೆಂಪು ಉಳಿಯುತ್ತದೆ. ಕತ್ತಲೆಯಲ್ಲಿ ಆ ಮಂದವಾದ ಕೆಂಪಿಗೆ ನಮ್ಮ ಕಣ್ಣು ಬಹುಮಟ್ಟಿಗೆ ಕುರುಡು. ಕ್ಯಾಮೆರಾ ಮಾತ್ರ ರೆಪ್ಪೆ ಬಡಿಯದೆ ಕಾದು ಬೆಳಕನ್ನು ಕೂಡಿಹಾಕುತ್ತದೆ.

ಹಾಗಾದರೆ ಕಣ್ಣು ಕಾಣದ್ದನ್ನು ತೋರಿಸುವ ಚಿತ್ರ ನಿಜವೆ? ತರಗತಿಯಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ನಿಜವೇ ಎಂದು ನನ್ನ ಮತ. ಹನಿಹನಿಯಾಗಿ ಬಂದ ಬೆಳಕನ್ನು ಕೂಡಿಡುವುದು ಸುಳ್ಳಲ್ಲ. ಬಾರದ ಬಣ್ಣವನ್ನು ಆಮೇಲೆ ತುಂಬುವುದು ಸುಳ್ಳು. ಎಷ್ಟು ಸೆಕೆಂಡು ತೆರೆದು ತೆಗೆದದ್ದೆಂದು ಹೇಳದೆ ಅಚ್ಚಾಗುವ ಚಿತ್ರ ಅರೆಸಾಕ್ಷಿ. ಧ್ರುವಪ್ರಭೆಯ ಮೊದಲ ಛಾಯಾಚಿತ್ರವನ್ನು 1892ರಲ್ಲಿ ನಾರ್ವೆಯ ಬೊಸೆಕೋಪಿನಲ್ಲಿ ಮಾರ್ಟಿನ್ ಬ್ರೆಂಡೆಲ್ ತೆಗೆದನು. (ನಮ್ಮ ಮಲೆನಾಡಿನ ಕೊಪ್ಪಗಳ ಸಾಲಿನಲ್ಲಿ ಸಲೀಸಾಗಿ ಸೇರುವ ಹೆಸರು!) ಅದೇ ಊರಿನಲ್ಲಿ 1910ರಲ್ಲಿ ಕಾರ್ಲ್ ಸ್ಟೋರ್ಮರ್ ಎಂಬ ಗಣಿತಜ್ಞ ಎರಡು ಕಡೆ ಕ್ಯಾಮೆರಾ ನಿಲ್ಲಿಸಿ, ಟೆಲಿಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣದಲ್ಲಿ ಚಿತ್ರ ತೆಗೆಸಿದನು. ಹಿಂದಿನ ನಕ್ಷತ್ರಗಳ ನಡುವೆ ಪ್ರಭೆ ಎಷ್ಟು ಸರಿದು ಕಂಡಿತೆಂಬುದರಿಂದ ಅದರ ಎತ್ತರವನ್ನು ಲೆಕ್ಕಹಾಕಿದನು. ಕಣ್ಣಿನ ಸಾಕ್ಷ್ಯವೊಂದರಿಂದಲೇ ಇದು ಸಾಧ್ಯವಿತ್ತೆ?

ಉತ್ತರಪ್ರಭೆಗಾಗಿ ನಾರ್ವೆಗೋ, ದಕ್ಷಿಣಪ್ರಭೆಗಾಗಿ ಟ್ಯಾಸ್ಮೇನಿಯಾಕ್ಕೋ ಹೋಗುವವರು ಈಗ ನಮ್ಮಲ್ಲೂ ಉಂಟು. ಅವರಿಗೆ ಮುಕ್ಕಾಲಿ ಬೇಕೇಬೇಕು. ಮಸೂರವನ್ನು ಪೂರ್ತಿ ತೆರೆದು, ಒಂದು ನಕ್ಷತ್ರದ ಮೇಲೆ ಕೈಯಿಂದಲೇ ಫೋಕಸ್ ಮಾಡಿ, ಐದರಿಂದ ಹದಿನೈದು ಸೆಕೆಂಡು ಬೆಳಕು ಕುಡಿಸಬೇಕು. ಪ್ರಭೆ ಪರದೆಯಂತೆ ಅಲುಗತೊಡಗಿದರೆ ಎರಡು ಮೂರು ಸೆಕೆಂಡು ಸಾಕು. ಹೆಚ್ಚಾದರೆ ಮಡಿಕೆಗಳೆಲ್ಲ ಕಲಸಿಹೋಗುತ್ತವೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ, ಮೈಯ ಬಿಸಿಗೆ ಇಟ್ಟುಕೊಂಡಿರುವುದು ಲೇಸು.